ಪರದೆಯ ಮೇಲಿನ ಕನ್ನಡ ಯಾರ ಕೈಯಲ್ಲಿರಬೇಕು?

ಕಂಪ್ಯೂಟರ್ ಪರದೆಯ ಮೇಲಿನ ಹೊಸಪೇಟೆ ಏಳು ವರ್ಷದೊಳಗೆ ಎರಡು ಸಲ ತಿದ್ದುಪಡಿ ಬೇಡಿತು. 2014ರ ನವೆಂಬರ್ 1ರಂದು ಸರ್ಕಾರ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರುಗಳನ್ನು ಬದಲಿಸಿದಾಗ ಹಾಸ್ಪೆಟ್ ಹೋಗಿ ಹೊಸಪೇಟೆ ಬಂತು, ಬೆಲ್ಲಾರಿ ಹೋಗಿ ಬಳ್ಳಾರಿ ಬಂತು. ಕನ್ನಡದಲ್ಲಿ ಈ ಎರಡೂ ಮೊದಲಿನಿಂದಲೂ ಹಾಗೆಯೇ ಇದ್ದವು. ಬದಲಾಗಬೇಕಾದದ್ದು ಪರದೆಯ ಮೇಲಿನ ಒಂದೊಂದು ಪದ ಮಾತ್ರ. 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ರಾಜ್ಯದ 31ನೇ ಜಿಲ್ಲೆಯಾದಾಗ ಆಗಬೇಕಾದ ಕೆಲಸ ಬೇರೆಯೇ ಆಗಿತ್ತು. ಹೊಸಪೇಟೆ, ಹಂಪಿಯ ಸಮೇತ, ಹೊಸ ಜಿಲ್ಲೆಗೆ ಬಂತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಜೊತೆಗೆ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆ ಆರಿಸಿ, ತಾಲ್ಲೂಕು ಆರಿಸಿ ಎಂದು ಕೇಳುವ ಪ್ರತಿಯೊಂದು ಅರ್ಜಿಯ ಪಟ್ಟಿಯೂ ಒಳಗಿನಿಂದ ಬದಲಾಗಬೇಕಾಯಿತು.

ಪ್ರೋಗ್ರಾಮಿಂಗ್ ಬಾರದವರಿಗೆ ಜಾಲತಾಣದ ಮುಖವನ್ನು ಬ್ರೌಸರ್‌ನಲ್ಲೇ ತಿದ್ದಲು ಬಿಡಬಹುದೇ ಎಂಬ ಪ್ರಶ್ನೆಯನ್ನು ಈ ಎರಡು ಬದಲಾವಣೆಗಳ ಮುಂದಿಟ್ಟು ನೋಡಿದರೆ ಉತ್ತರ ಎರಡಾಗಿ ಸೀಳುತ್ತದೆ. ಮೊದಲ ಬಗೆಯ ತಿದ್ದುಪಡಿಗೆ ಅವಕಾಶ ಕೊಡಲೇಬೇಕು. ಎರಡನೆಯದಕ್ಕೆ ಕೊಡಬಾರದು. ಇಂದು ನಮ್ಮಲ್ಲಿ ನಡೆಯುತ್ತಿರುವುದೇನೆಂದರೆ, ಎರಡನೆಯದರ ಭಯ ಹಿಡಿದು ಮೊದಲನೆಯದಕ್ಕೂ ಬೀಗ ಜಡಿದಿದ್ದೇವೆ.

ಓದುವವರೇ ಪುಟವನ್ನು ತಿದ್ದಬೇಕೆಂಬ ಆಸೆ ಹೊಸದೇನಲ್ಲ. ಟಿಮ್ ಬರ್ನರ್ಸ್-ಲೀ 1990ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ಬರೆದ ಮೊದಲ ಬ್ರೌಸರ್ ಓದುವುದಕ್ಕೂ ತಿದ್ದುವುದಕ್ಕೂ ಒಂದೇ ಆಗಿತ್ತು. ಆಮೇಲೆ ಜನಪ್ರಿಯವಾದ ಬ್ರೌಸರ್‌ಗಳು ಓದುವುದನ್ನು ಮಾತ್ರ ಉಳಿಸಿಕೊಂಡವು. ವಾರ್ಡ್ ಕನಿಂಗ್‌ಹ್ಯಾಮ್ 1995ರ ಮಾರ್ಚ್‌ನಲ್ಲಿ ವಿಕಿಯನ್ನು ತೆರೆದಾಗ ತಿದ್ದುವ ಗುಂಡಿ ಪುಟಕ್ಕೆ ಮರಳಿತು. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಲೇಖನವಷ್ಟೇ ಅಲ್ಲ, ಲೇಖನದ ಸುತ್ತಲಿನ ಗುಂಡಿ, ಎಚ್ಚರಿಕೆ, ಪಟ್ಟಿಯ ಶೀರ್ಷಿಕೆ ಎಲ್ಲವನ್ನೂ ತಿದ್ದಬಲ್ಲ ಸಂದೇಶಗಳನ್ನಾಗಿ ಮಾಡಿತು. ಈ ವಿಮರ್ಶೆಗೆ ನಾನು ಆರಿಸಿಕೊಂಡಿರುವುದು ಈ ವ್ಯವಸ್ಥೆಯನ್ನು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಪರದೆ ಕನ್ನಡದಲ್ಲಿ ಮಾತಾಡುತ್ತಿರುವುದು ಇದರಿಂದಲೇ.

ಹತ್ತಿರದಿಂದ ನೋಡಬೇಕೆಂದವರು ಕನ್ನಡ ವಿಕಿಪೀಡಿಯದ ಯಾವುದಾದರೂ ಪುಟ ತೆರೆದು, ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಯೂಸ್‌ಲ್ಯಾಂಗ್, ಸಮ ಚಿಹ್ನೆ, ಕ್ಯೂಕ್ಯೂಎಕ್ಸ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ನೋಡಲಿ. ಗುಂಡಿಗಳ ಮೇಲಿನ ಕನ್ನಡ ಮಾಯವಾಗಿ, ಪ್ರತಿ ಮಾತಿನ ಜಾಗದಲ್ಲೂ ಆವರಣದೊಳಗೆ ಅದರ ಕೀಲಿ ಹೆಸರು ಕಾಣುತ್ತದೆ. ತಪ್ಪಾದ ಮಾತು ಯಾವುದೋ ಅದರ ಕೀಲಿ ಗುರುತು ಮಾಡಿಕೊಂಡು ಟ್ರಾನ್ಸ್‌ಲೇಟ್‌ವಿಕಿ ತಾಣಕ್ಕೆ ಹೋದರೆ ಅಲ್ಲಿ ಅದನ್ನು ತಿದ್ದಬಹುದು. ಫಿನ್ಲೆಂಡಿನ ನಿಕ್ಲಾಸ್ ಲಾಕ್ಸ್‌ಟ್ರೋಮ್ ಕಟ್ಟಿದ ಈ ತಾಣ ಹೊಸಬರಿಂದ ಮೊದಲು ಕೆಲವು ಪರೀಕ್ಷಾ ಅನುವಾದ ಮಾಡಿಸುತ್ತದೆ, ಹಳಬರು ನೋಡಿ ಒಪ್ಪಿದ ಮೇಲೆ ಬಾಗಿಲು ತೆರೆಯುತ್ತದೆ. ಸಂದೇಶದ ಪಕ್ಕದಲ್ಲೇ ಅದು ಎಲ್ಲಿ ಕಾಣಿಸುತ್ತದೆ, $1 ಇರುವ ಜಾಗಕ್ಕೆ ಯಾವ ಹೆಸರು ಬಂದು ಕೂರುತ್ತದೆ ಎಂಬ ವಿವರಣೆ ಇರುತ್ತದೆ. ಆ $1 ಅನ್ನು ಬಿಟ್ಟು ಬರೆದರೆ ತಾಣವೇ ಎಚ್ಚರಿಸುತ್ತದೆ. ಕೋಡಿನ ಒಂದು ಸಾಲೂ ಕಣ್ಣಿಗೆ ಬೀಳುವುದಿಲ್ಲ.

ಇದರ ಬೆಲೆ ಗೊತ್ತಾಗುವುದು ವಿಭಕ್ತಿಯ ಮುಂದೆ. ಕನ್ನಡ ಬಾರದ ಪ್ರೋಗ್ರಾಮರ್ ಒಬ್ಬರು ಊರಿನ ಹೆಸರಿಗೆ 'ನಲ್ಲಿ' ಸೇರಿಸಿದರೆ ಸಾಕೆಂದು ತಿಳಿದು ವಾಕ್ಯ ಹೆಣೆಯುತ್ತಾರೆ. ಪರದೆಯ ಮೇಲೆ 'ಹೊಸಪೇಟೆನಲ್ಲಿ', 'ಸಂಡೂರುನಲ್ಲಿ', 'ಕಂಪ್ಲಿನಲ್ಲಿ' ಎಂದು ಬರುತ್ತದೆ. ಹೊಸಪೇಟೆಯಲ್ಲಿ, ಸಂಡೂರಿನಲ್ಲಿ, ಕಂಪ್ಲಿಯಲ್ಲಿ, ವಿಜಯನಗರದಲ್ಲಿ ಎಂದು ನಾಲ್ಕು ಹೆಸರಿಗೆ ಮೂರು ಬಗೆಯ ರೂಪ ಬೇಕೆಂಬುದು ಅವರಿಗೆ ಹೊಳೆಯುವುದಿಲ್ಲ, ಪರೀಕ್ಷೆ ಮಾಡುವ ಯಂತ್ರಕ್ಕೂ ಗೊತ್ತಾಗುವುದಿಲ್ಲ. ಕಂಪ್ಲಿಯ ಶಾಲಾ ಮೇಷ್ಟ್ರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ತಿದ್ದುವ ಅವಕಾಶ ಇದ್ದರೆ ಅವರು '$1 ಪಟ್ಟಣದಲ್ಲಿ' ಎಂದೋ 'ಊರು: $1' ಎಂದೋ ಬರೆದು ಗಂಟು ಬಿಡಿಸುತ್ತಾರೆ. ಬಳಕೆದಾರರ ಹೆಸರಿನ ಮುಂದೆ 'ಅವರು' ಸೇರಿಸಿ ಗಂಡು ಹೆಣ್ಣಿನ ಕ್ರಿಯಾಪದದ ತೊಡಕನ್ನು ಕಳೆಯುವುದೂ ಇಂಥದೇ ಉಪಾಯ. ಈ ಜಾಣ್ಮೆ ಬರುವುದು ದಿನವಿಡೀ ಕನ್ನಡ ಬರೆಯುವವರಿಗೆ.

ವ್ಯವಸ್ಥೆಯ ಕೊರತೆ ಕಾಣುವುದೂ ಇಲ್ಲಿಯೇ. ಮೀಡಿಯಾವಿಕಿಯಲ್ಲಿ ವಿಭಕ್ತಿಗೆಂದೇ ಗ್ರಾಮರ್ ಎಂಬ ಸೂತ್ರವಿದೆ. ಫಿನ್ನಿಷ್‌ನಂಥ ಭಾಷೆಗಳು ಅದನ್ನು ಬಳಸುತ್ತವೆ. ಆದರೆ ಆ ಸೂತ್ರದ ಹಿಂದಿನ ನಿಯಮವನ್ನು ಬರೆಯಬೇಕಾದದ್ದು ತಂತ್ರಾಂಶದೊಳಗೆ, ಪ್ರೋಗ್ರಾಮರ್ ಕೈಯಿಂದ. ಭಾಷೆ ಬಲ್ಲವರು ಬ್ರೌಸರ್‌ನಲ್ಲಿ ವಾಕ್ಯ ತಿದ್ದಬಹುದು, ವ್ಯಾಕರಣ ಕೊಡಲಾರರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಿಂದ ನಮ್ಮ ನಡುವೆ ಇದೆ. ಅಲ್ಲಿನ ಭಾಷಾವಿಜ್ಞಾನಿಯೊಬ್ಬರು ಪ್ರೋಗ್ರಾಮರ್ ಪಕ್ಕ ಕೂತರೆ ಮುಗಿಯುವ ಕೆಲಸವಿದು. ಇಬ್ಬರನ್ನೂ ಕೂರಿಸುವ ವ್ಯವಸ್ಥೆ ಈ ತಾಣಗಳಲ್ಲಿ ಇಲ್ಲ. ನನ್ನ ಮಟ್ಟಿಗೆ ಇದು ಮೀಡಿಯಾವಿಕಿಯ ದೊಡ್ಡ ಕೊರತೆ.

ಕಣ್ಣಳತೆಯಲ್ಲೇ ಪುಟ ತಿದ್ದುವ ವಿಷುವಲ್ ಎಡಿಟರ್ ಕುರಿತು ಹೆಚ್ಚು ಹೇಳಬೇಕಿಲ್ಲ. 2013ರ ಜುಲೈನಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವಸರದಿಂದ ಎಲ್ಲರಿಗೂ ತೆರೆದು, ಹಳೆಯ ಸಂಪಾದಕರ ವಿರೋಧಕ್ಕೆ ಸಿಕ್ಕು, ಮೂರು ತಿಂಗಳೊಳಗೆ ಬೇಕಾದವರಿಗಷ್ಟೇ ಎಂದು ಹಿಂದೆ ಸರಿಸಿದರು. ಅದೇ ವರ್ಷ ಬಂದ, ಬ್ರೌಸರ್‌ನಲ್ಲೇ ಕನ್ನಡ ಬೆರಳಚ್ಚು ಮಾಡಿಸುವ ಭಾಷಾ ಆಯ್ಕೆಯ ಸಲಕರಣೆ ನಮಗೆ ಅದಕ್ಕಿಂತ ಹೆಚ್ಚು ಉಪಕಾರ ಮಾಡಿತು. ಇನ್‌ಸ್ಕ್ರಿಪ್ಟ್, ಕಗಪ, ಲಿಪ್ಯಂತರಣ ಮೂರೂ ಅದರಲ್ಲಿವೆ. ಕೀಲಿಮಣೆ ಸಿಗದವರಿಗೆ ತಿದ್ದುವ ಹಕ್ಕು ಕೊಟ್ಟು ಏನು ಪ್ರಯೋಜನ?

ಇನ್ನು ಅಪಾಯದ ಮಾತು. ವಿಕಿಪೀಡಿಯದ ನಿರ್ವಾಹಕರೆಲ್ಲರೂ ಒಂದು ಕಾಲದಲ್ಲಿ ಪರದೆಯ ಮಾತುಗಳ ಜೊತೆಗೆ ಇಡೀ ತಾಣಕ್ಕೆ ಅನ್ವಯಿಸುವ ಜಾವಾಸ್ಕ್ರಿಪ್ಟ್ ಕೋಡನ್ನೂ ಬ್ರೌಸರ್‌ನಲ್ಲೇ ತಿದ್ದಬಹುದಿತ್ತು. ಒಬ್ಬ ನಿರ್ವಾಹಕರ ಪಾಸ್‌ವರ್ಡ್ ಕಳ್ಳರ ಪಾಲಾದರೆ ಆ ತಾಣ ತೆರೆದ ಪ್ರತಿ ಓದುಗರ ಬ್ರೌಸರ್‌ನಲ್ಲೂ ಕಳ್ಳರ ಕೋಡು ಓಡುತ್ತಿತ್ತು. 2018ರ ಆಗಸ್ಟ್‌ನಲ್ಲಿ ಆ ಅಧಿಕಾರವನ್ನು ಬೇರ್ಪಡಿಸಿ, ಇಂಟರ್ಫೇಸ್ ನಿರ್ವಾಹಕರೆಂಬ ಚಿಕ್ಕ ಗುಂಪಿಗೆ ಮಾತ್ರ ಉಳಿಸಿದರು. ಮಾತು ತಿದ್ದುವವರು ಹಲವರು, ಯಂತ್ರ ಮುಟ್ಟುವವರು ಕೆಲವರು. ಈ ಗೆರೆಯನ್ನು ಸರಿಯಾದ ಜಾಗದಲ್ಲಿ ಎಳೆದದ್ದೇ ಈ ವ್ಯವಸ್ಥೆಯ ಅತ್ಯಂತ ಪ್ರಬುದ್ಧ ನಿರ್ಧಾರ ಎಂದು ನನ್ನ ಅಭಿಪ್ರಾಯ.

ಹರಪನಹಳ್ಳಿಯನ್ನು ನೋಡಿದರೆ ಈ ಗೆರೆ ಏಕೆ ಬೇಕೆಂದು ಸ್ಪಷ್ಟವಾಗುತ್ತದೆ. ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, ಆಮೇಲೆ ಬಳ್ಳಾರಿಗೆ ಮರಳಿತು, ಈಗ ವಿಜಯನಗರದಲ್ಲಿದೆ. ಸಂವಿಧಾನದ 98ನೇ ತಿದ್ದುಪಡಿ ತಂದ 371ಜೆ ವಿಧಿಯ, ಓದು ಮತ್ತು ನೌಕರಿಯಲ್ಲಿ ಮೀಸಲು ಕೊಡುವ ಸೌಲಭ್ಯ ಬಳ್ಳಾರಿಗೆ ಇತ್ತು, ದಾವಣಗೆರೆಗೆ ಇರಲಿಲ್ಲ. ಅಂದರೆ ಪಟ್ಟಿಯಲ್ಲಿ ತಾಲ್ಲೂಕು ಯಾವ ಜಿಲ್ಲೆಯ ಕೆಳಗೆ ಕೂರುತ್ತದೆ ಎಂಬುದರ ಮೇಲೆ ಒಬ್ಬ ಹುಡುಗಿಯ ಸೀಟು, ಒಬ್ಬ ಹುಡುಗನ ನೌಕರಿ ನಿಂತಿರುತ್ತದೆ. ಅದನ್ನು ಯಾರೋ ಬ್ರೌಸರ್‌ನಲ್ಲಿ ಎಳೆದು ಜಾಗ ಬದಲಿಸುವಂತಿರಬಾರದು. ಆದರೆ ಅದೇ ಪಟ್ಟಿಯಲ್ಲಿ ಹರಪನಹಳ್ಳಿಯ ಕಾಗುಣಿತ ತಪ್ಪಿದ್ದರೆ ಅದನ್ನು ಹೇಳಲು, ತಿದ್ದಲು ಅಲ್ಲಿಯವರಿಗಿಂತ ಯೋಗ್ಯರು ಯಾರಿದ್ದಾರೆ?

ಹೊಸಪೇಟೆಯ ಲಾಡ್ಜ್ ಮಾಲೀಕರು, ಸಂಡೂರಿನ ಲಂಬಾಣಿ ಕಸೂತಿ ಮಾರುವವರು ಇಂದು ವರ್ಡ್‌ಪ್ರೆಸ್‌ನಲ್ಲಿ ತಮ್ಮ ಸೈಟಿನ ಮುಖವನ್ನು ತಾವೇ ಜೋಡಿಸಿಕೊಳ್ಳಬಹುದು. 2018ರ ಡಿಸೆಂಬರ್‌ನಲ್ಲಿ ಬಂದ ಬ್ಲಾಕ್ ಸಂಪಾದಕದಿಂದ ಅದು ಇನ್ನೂ ಹಗುರವಾಯಿತು. ಅಲ್ಲಿ ತಪ್ಪಾದರೆ ನಷ್ಟ ಮುಖ್ಯವಾಗಿ ಮಾಲೀಕರದೇ, ಹಾಗಾಗಿ ಪೂರ್ಣ ಸ್ವಾತಂತ್ರ್ಯ ಒಪ್ಪುತ್ತದೆ. ಸಾರ್ವಜನಿಕ ಸೇವೆಗೆ ಆ ಮಾದರಿ ಹೊಂದುವುದಿಲ್ಲ.

ಸರ್ಕಾರಿ ತಾಣಗಳಿಗೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ ಎಸ್‌3ವಾಸ್ ಎಂಬ ಚೌಕಟ್ಟು ಬಂದ ಮೇಲೆ ಅನೇಕ ಜಿಲ್ಲೆಗಳ ಜಾಲತಾಣಗಳು ಒಂದೇ ಅಚ್ಚಿನಲ್ಲಿ, ಎರಡು ಭಾಷೆಗಳಲ್ಲಿ, ಅಂಗವಿಕಲರಿಗೂ ಬಳಸಲು ಬರುವಂತೆ ನಿಂತಿವೆ. ವಿಷಯದ ಹೊಣೆ ಜಿಲ್ಲಾಡಳಿತದ್ದು, ವಿನ್ಯಾಸ ಮತ್ತು ಭದ್ರತೆ ಮಾಹಿತಿ ವಿಜ್ಞಾನ ಕೇಂದ್ರದ್ದು. ಗೆರೆ ಇಲ್ಲಿಯೂ ಬಹುಮಟ್ಟಿಗೆ ಸರಿಯಾಗಿಯೇ ಇದೆ, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ಓದುಗರಿಗೆ ಕಾಣುವುದು ಅಡಿಯಲ್ಲಿರುವ ಕೊನೆಯ ಪರಿಷ್ಕರಣೆಯ ದಿನಾಂಕ ಒಂದೇ. ಏನು ಬದಲಾಯಿತು, ಹಿಂದೆ ಏನಿತ್ತು, ಯಾರು ಬದಲಿಸಿದರು ಎಂಬುದು ವಿಕಿಯ ಪ್ರತಿ ಪುಟದ ಇತಿಹಾಸದಲ್ಲಿ ಸಿಗುವಂತೆ ಇಲ್ಲಿ ಸಿಗುವುದಿಲ್ಲ. ಖಾಸಗಿ ಅರ್ಜಿಗಳ ಸ್ಥಿತಿ ಇನ್ನೂ ಕೆಳಗೆ. ವಿಜಯನಗರ ಜಿಲ್ಲೆಯಾದ ಮೇಲೂ ಹೊಸಪೇಟೆಗಾಗಿ ಬಳ್ಳಾರಿ ಆರಿಸಬೇಕಾದ ಪರದೆಗಳನ್ನು ನಾನು ಕಂಡಿದ್ದೇನೆ. 'ತಪ್ಪಿದೆ' ಎಂದು ಬರೆದು ಕಳಿಸಲು ಅವುಗಳಲ್ಲಿ ಜಾಗವೇ ಇರಲಿಲ್ಲ.

ಜನರಿಗೆ ಬಿಟ್ಟರೆ ಯಾರು ಮಾಡುತ್ತಾರೆ ಎನ್ನುವವರು ತುಳುವನ್ನು ನೋಡಲಿ. ಹೊಸ ಭಾಷೆಯ ವಿಕಿಪೀಡಿಯಕ್ಕೆ ಒಪ್ಪಿಗೆ ಸಿಗಬೇಕಾದರೆ ತಂತ್ರಾಂಶದ ಮುಖ್ಯ ಸಂದೇಶಗಳು ಆ ಭಾಷೆಗೆ ಮೊದಲು ಬಂದಿರಬೇಕು. ವರ್ಷಗಟ್ಟಲೆ ಕಾವುಗೂಡಿನಲ್ಲಿ ಬೆಳೆದ ತುಳು ವಿಕಿಪೀಡಿಯ 2016ರ ಆಗಸ್ಟ್‌ನಲ್ಲಿ ಹೊರಬಂತು. ಸರ್ಕಾರದ ಅಧಿಕೃತ ಭಾಷೆಯಲ್ಲದ ತುಳುವಿನಲ್ಲಿ ಗುಂಡಿಗಳು ಮಾತಾಡುತ್ತಿರುವುದು ಸಂಬಳವಿಲ್ಲದೆ ದುಡಿದ ಭಾಷಿಕರಿಂದ.

ರಾಜ್ಯದ ಇ-ಆಡಳಿತ ನಡೆಸುವವರಲ್ಲಿ ನನ್ನ ಕೇಳಿಕೆ ಇಷ್ಟು: ಸೇವಾ ಪರದೆಗಳ ಕನ್ನಡ ಸಂದೇಶಗಳನ್ನು ಕೋಡಿನಿಂದ ಬಿಡಿಸಿ ಒಂದು ತೆರೆದ ಪಟ್ಟಿಯಲ್ಲಿಡಿ. ಪ್ರತಿ ಮಾತಿನ ಪಕ್ಕ ತಿದ್ದುಪಡಿ ಸೂಚಿಸುವ ಕೊಂಡಿ ಕೊಡಿ, ಒಪ್ಪುವ ಅಧಿಕಾರವನ್ನು ತಾಲ್ಲೂಕಿನ ಸಿಬ್ಬಂದಿ ಮತ್ತು ಕನ್ನಡ ಬಲ್ಲ ಮೇಷ್ಟ್ರುಗಳ ಸಣ್ಣ ತಂಡಕ್ಕೆ ಕೊಡಿ, ಇತಿಹಾಸವನ್ನು ಎಲ್ಲರಿಗೂ ಕಾಣಿಸಿ. ಜಿಲ್ಲೆ-ತಾಲ್ಲೂಕಿನ ಜೋಡಣೆ, ಸಂಕೇತ ಸಂಖ್ಯೆ, ಲೆಕ್ಕದ ಸೂತ್ರ ನಿಮ್ಮ ಬಳಿಯೇ ಇರಲಿ. ಸರ್ಕಾರ ಇದನ್ನು ಮಾಡುವವರೆಗೆ ಓದುಗರು ಕಾಯಬೇಕಿಲ್ಲ. ಟ್ರಾನ್ಸ್‌ಲೇಟ್‌ವಿಕಿಯಲ್ಲಿ ಹೆಸರು ನೋಂದಾಯಿಸಿ, ಕನ್ನಡ ಆರಿಸಿಕೊಂಡು, ಇವತ್ತೇ ಮೊದಲ ಪರೀಕ್ಷಾ ಅನುವಾದ ಮಾಡಿ.