ಕನ್ನಡ ಸಾಹಿತ್ಯದಲ್ಲಿ ವಿಕಲಾಂಗ ಶಿಶು: ಚಿನ್ನದ ಗಣಿ ಸೀಮೆಯ ಮನೆಗಳನ್ನು ಮುಂದಿಟ್ಟು ಒಂದು ವಿಚಾರ

ಶಿಶುವನ್ನು ವರ್ಣಿಸುವುದರಲ್ಲಿ ಕನ್ನಡ ಕವಿಗಳು ಕೃಪಣರಾದವರಲ್ಲ. ಅಂಬೆಗಾಲು, ತಪ್ಪುಹೆಜ್ಜೆ, ತೊದಲ್ನುಡಿ, ಹಟ, ಮುನಿಸು ಇವೆಲ್ಲವೂ ಹರಿದಾಸರ ಬಾಲಕೃಷ್ಣನ ಪದಗಳಲ್ಲಿಯೂ ಹಳ್ಳಿಯ ಹೆಂಗಸರ ಜೋಗುಳಗಳಲ್ಲಿಯೂ ತುಂಬಿ ಬಂದಿವೆ. ಆದರೆ ಹೆಜ್ಜೆಯನ್ನು ಕಾಲಕ್ಕೆ ಸರಿಯಾಗಿ ಇಡದ ಶಿಶು, ತೊದಲೂ ಬಾರದ ಶಿಶು, ತಾಯಿಯ ಮುಖವನ್ನು ಕಣ್ಣಿನಿಂದ ಗುರುತಿಸಲಾರದ ಶಿಶು ಈ ಸಾಹಿತ್ಯದಲ್ಲಿ ಎಲ್ಲಿದೆ, ಅದನ್ನು ಸಾಕುವ ಮನೆಯ ದಿನಚರಿ ಎಲ್ಲಿದೆ, ಎಂದು ಕೇಳಿದರೆ ಉತ್ತರವು ಸುಲಭವಾಗಿ ದೊರೆಯುವುದಿಲ್ಲ. ವಿಕಲಾಂಗರು ಕಾವ್ಯಗಳಲ್ಲಿ ಇಲ್ಲವೆಂದಲ್ಲ; ಅವರು ಬಹುಮಟ್ಟಿಗೆ ಬೆಳೆದವರಾಗಿಯೋ, ಯಾವುದೋ ಒಂದು ತತ್ತ್ವದ ಗುರುತಾಗಿಯೋ ಬರುತ್ತಾರೆ. ಈ ಲೋಪದ ಸ್ವರೂಪವೇನು, ಪಾಠ ಹೇಳುವವರಿಗೆ ಅದರಿಂದ ಒದಗುವ ಹೊಣೆಯೇನು, ಎಂಬುದೇ ಇಲ್ಲಿಯ ವಿಚಾರ. ಇದನ್ನು ತೂಗಿ ನೋಡುವುದಕ್ಕೆ ಕೋಲಾರದ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ಸೀಮೆಯ ಮನೆಗಳನ್ನು ಒರೆಗಲ್ಲಾಗಿ ಇಟ್ಟುಕೊಂಡಿದೆ.

೧

ಪುರಾತನ ಕಥೆಗಳಿಗೆ ಮೊದಲು ಬೇಕಾದುದು ಕಾರಣ. ಧೃತರಾಷ್ಟ್ರನು ಏಕೆ ಕುರುಡನಾದನು? ವ್ಯಾಸರ ರೂಪವನ್ನು ಕಂಡು ಅಂಬಿಕೆ ಕಣ್ಣು ಮುಚ್ಚಿದಳು. ಆದುದರಿಂದ ಮಗನಿಗೆ ಕಣ್ಣಿಲ್ಲವಾಯಿತು. ಅಂಬಾಲಿಕೆ ಬಿಳುಪೇರಿದಳು, ಆದುದರಿಂದ ಪಾಂಡು ಬಿಳಿಚಿಕೊಂಡು ಹುಟ್ಟಿದನು. ಕನ್ನಡದಲ್ಲಿ ಕುಮಾರವ್ಯಾಸನ ಮೂಲಕ ಮನೆಮನೆಗೆ ಮುಟ್ಟಿದ ಈ ಕಥೆಯಲ್ಲಿ ಕೊರತೆಯ ಹೊಣೆಯೆಲ್ಲವೂ ಹೆತ್ತವಳ ಒಂದು ಕ್ಷಣದ ಭಯದ ಮೇಲೆ ಬೀಳುತ್ತದೆ. ಆ ಬಳಿಕ ಕಥೆಯು ರಾಜ್ಯದ ಹಕ್ಕಿನ ಕಡೆಗೆ ತಿರುಗಿಬಿಡುತ್ತದೆ. ಕುರುಡು ಕೂಸಿಗೆ ಅರಮನೆಯ ಹೊಸ್ತಿಲನ್ನು ಯಾರು ತೋರಿಸಿಕೊಟ್ಟರು, ಅದು ಬಿದ್ದಾಗ ಯಾರು ಎತ್ತಿಕೊಂಡರು, ಎಂಬುದು ಕಥೆಯ ಲಕ್ಷ್ಯಕ್ಕೆ ಬರುವುದಿಲ್ಲ.

ಅಷ್ಟಾವಕ್ರನ ಉಪಾಖ್ಯಾನವು ಇದಕ್ಕಿಂತ ಸೂಕ್ಷ್ಮವಾದುದು. ಭಾರತದ ವನಪರ್ವದಲ್ಲಿ ಬರುವ ಈ ಕಥೆಯಲ್ಲಿ ತಪ್ಪು ತಂದೆಯದು. ಗರ್ಭದಲ್ಲಿದ್ದ ಶಿಶು ತನ್ನ ಅಧ್ಯಯನದ ದೋಷವನ್ನು ಎತ್ತಿ ಆಡಿತೆಂದು ಕಹೋಡನು ಶಪಿಸುತ್ತಾನೆ. ಶಿಶು ಎಂಟು ಕಡೆ ಡೊಂಕಾಗಿ ಹುಟ್ಟುತ್ತದೆ. ಇಲ್ಲಿ ಒಂದು ಗೃಹದೃಶ್ಯವಿದೆ. ತಂದೆಯಿಲ್ಲದ ಹುಡುಗನು ತಾಯಿಯ ತಂದೆಯಾದ ಉದ್ದಾಲಕನನ್ನೇ ತನ್ನ ತಂದೆಯೆಂದು ತಿಳಿದು ಅವನ ತೊಡೆಯ ಮೇಲೆ ಕುಳಿತಿರುತ್ತಾನೆ. ಸಮವಯಸ್ಕನಾದ ಶ್ವೇತಕೇತು ಅವನನ್ನು ಎಳೆದು, ಇದು ನಿನ್ನ ತಂದೆಯ ತೊಡೆಯಲ್ಲವೆನ್ನುತ್ತಾನೆ. ಹುಡುಗನಿಗೆ ನೋವಾದುದು ತಂದೆಯಿಲ್ಲದುದಕ್ಕೆ, ಮೈಯ ಡೊಂಕಿಗಲ್ಲ. ಜನಕನ ಯಜ್ಞಶಾಲೆಯ ಬಾಗಿಲಲ್ಲಿ ದ್ವಾರಪಾಲಕನು ಅವನನ್ನು ತಡೆಯುವುದೂ ಬಾಲಕನೆಂಬ ಕಾರಣದಿಂದಲೇ ಹೊರತು ವಕ್ರಾಂಗನೆಂದಲ್ಲ. ಸಭೆಯೆಲ್ಲವೂ ಅವನ ಮೈಯನ್ನು ಕಂಡು ನಕ್ಕಿತೆಂದು ಉಪನ್ಯಾಸಕಾರರು ಹೇಳುವ ಪ್ರಸಂಗವು ಪರಂಪರೆಯಲ್ಲಿ ಬೇರೆಯಾಗಿ ಬೆಳೆದುಬಂದುದು. ಮೂಲಕಥೆಯ ಮನೆಯಲ್ಲಿ ಆ ಮಗು ಮೊದಲು ಮಗು. ಡೊಂಕು ಆಮೇಲಿನ ಮಾತು. ಆದರೂ ಕಥೆಯ ಮುಕ್ತಾಯವು ಸಮಂಗಾ ನದಿಯ ಸ್ನಾನದಲ್ಲಿ. ಅಂಗಗಳು ಸಮವಾದಲ್ಲದೆ ಕಥೆಗೆ ಸಮಾಧಾನವಿಲ್ಲ. ಶಾಪದಿಂದ ಆರಂಭಿಸಿ ನಿವಾರಣೆಯಿಂದ ಮುಗಿಸುವ ಈ ಕಟ್ಟಿನಲ್ಲಿ ಇವೆರಡರ ನಡುವಿನ ವರ್ಷಗಳಿಗೆ ಎಡೆ ಕಿರಿದು. ಮನೆಯವರು ಬದುಕುವುದಾದರೋ ಆ ನಡುವಿನ ವರ್ಷಗಳಲ್ಲಿಯೇ.

೨

ಜನ್ನನ ಯಶೋಧರ ಚರಿತೆಯಲ್ಲಿ (೧೨೦೯) ವಿಕಲಾಂಗನು ಕಥೆಯ ಕೇಂದ್ರದ ಹತ್ತಿರಕ್ಕೇ ಬರುತ್ತಾನೆ. ಅಮೃತಮತಿಯ ಮನಸ್ಸನ್ನು ಮೊದಲು ಸೆಳೆದುದು ಮಾವತ ಅಷ್ಟಾವಂಕನ ಗಾನ. ಅವನನ್ನು ನೋಡಿ ಬರಲು ಹೋದ ಕೆಳದಿ ಹಿಂತಿರುಗಿ ಅವನ ಕುರೂಪವನ್ನು ಅಂಗಾಂಗವಾಗಿ ವರ್ಣಿಸುತ್ತಾಳೆ. ಕವಿಯ ಉದ್ದೇಶ ಸ್ಪಷ್ಟವಾಗಿದೆ: ಮೈ ಎಷ್ಟು ಹೇಯವೋ ರಾಣಿಯ ಮೋಹ ಅಷ್ಟು ಕುರುಡು ಎಂದು ತೋರಬೇಕು. ವರ್ಣನೆಯ ಬಿಗಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಮೈಯನ್ನು ಹೊತ್ತವನೂ ಒಂದು ಕಾಲಕ್ಕೆ ತೊಟ್ಟಿಲಲ್ಲಿ ಮಲಗಿದ್ದವನು, ಆ ಕಂಠವನ್ನು ಯಾರೋ ಮೊದಲು ಕೇಳಿ ಮೆಚ್ಚಿದ್ದಿರಬೇಕು, ಎಂಬ ಆಲೋಚನೆಗೆ ಕಾವ್ಯವು ಅವಕಾಶ ಕೊಡುವುದಿಲ್ಲ. ಇದನ್ನು ಜನ್ನನ ದೋಷವೆಂದು ಎಣಿಸುವುದು ಅನ್ಯಾಯವಾದೀತು. ಕಾವ್ಯದ ಗುರಿಯೇ ಬೇರೆ. ಗುರಿ ಬೇರೆಯೆಂಬುದನ್ನು ತರಗತಿಯಲ್ಲಿ ಹೇಳದೆ ವರ್ಣನೆಯನ್ನು ಮಾತ್ರ ರಂಜಿಸಿ ಓದುವುದು ಪಾಠಕರ ದೋಷ.

ವಚನಗಳಲ್ಲಿ ವೈಕಲ್ಯವು ಇನ್ನೊಂದು ಬಗೆಯಾಗಿ ಸಾಂಕೇತಿಕವಾಗಿದೆ. ಅತ್ತಿತ್ತ ಸುಳಿಯದಂತೆ ತನ್ನನ್ನು ಹೆಳವನನ್ನಾಗಿ ಮಾಡೆಂದು ಬಸವಣ್ಣನವರು ದೇವರನ್ನು ಬೇಡುವ ವಚನವು ಪ್ರಸಿದ್ಧವಾಗಿದೆ. ಅಲ್ಲಿ ಇಂದ್ರಿಯಗಳ ಕೊರತೆಯೆಂದರೆ ಅವುಗಳ ನಿಗ್ರಹ. ಕೊರತೆಯನ್ನು ಶಾಪದ ಕಡೆಯಿಂದ ವರದ ಕಡೆಗೆ ತಂದ ಈ ತಿರುವು ದೊಡ್ಡದು. ಆದರೂ ಅದು ನಡೆಯಬಲ್ಲವನ ಪ್ರಾರ್ಥನೆ. ನಡೆಯಲಾರದ ಮಗುವನ್ನು ಸೊಂಟದ ಮೇಲೆ ಹೊತ್ತವಳ ಅನುಭವವಲ್ಲ.

೩

ಕಾವ್ಯಗಳು ಬಿಟ್ಟುದನ್ನು ಶಾಸ್ತ್ರವೊಂದು ಹಿಡಿದಿದೆ. ಬಾಲಚಿಕಿತ್ಸೆಯನ್ನೇ ಪ್ರಧಾನವಾಗಿ ಉಳ್ಳ ಕಾಶ್ಯಪ ಸಂಹಿತೆಯಲ್ಲಿ ವರ್ಷ ತುಂಬಿದರೂ ನಡೆಯದ ಶಿಶುವಿಗೆ ‘ಫಕ್ಕ’ ಎಂಬ ಹೆಸರಿದೆ. ಹಾಲಿನ ದೋಷದಿಂದ ಬಂದುದು, ಗರ್ಭದಿಂದ ಬಂದುದು, ವ್ಯಾಧಿಯಿಂದ ಬಂದುದು ಎಂದು ಅದರಲ್ಲಿ ಮೂರು ಭೇದಗಳು. ಔಷಧ ಅಭ್ಯಂಗಗಳ ಜೊತೆಗೆ, ಶಿಶುವು ಹಿಡಿದು ನಡೆಯುವುದನ್ನು ಕಲಿಯಲು ಮೂರು ಗಾಲಿಯ ಒಂದು ರಥವನ್ನು ಮಾಡಿಸಿಕೊಡಬೇಕೆಂದು ಅಲ್ಲಿ ಹೇಳಿದೆ. ಆ ವರ್ಗೀಕರಣವು ಇಂದಿನ ವೈದ್ಯಕ್ಕೆ ಒಪ್ಪುವುದೋ ಇಲ್ಲವೋ ಅದು ಬೇರೆ ಪ್ರಶ್ನೆ. ಸಾಹಿತ್ಯವಿಮರ್ಶೆಗೆ ಬೇಕಾದುದು ಆ ಗ್ರಂಥದ ದೃಷ್ಟಿ. ಕಾವ್ಯವು ಈ ಶಿಶು ಏಕೆ ಹೀಗೆ ಹುಟ್ಟಿತೆಂದು ಕೇಳಿ ನಿಂತರೆ, ಸಂಹಿತೆಯು ಕಾರಣವನ್ನು ವಿಚಾರಿಸಿಯೂ ನಿಲ್ಲದೆ, ನಾಳೆ ಬೆಳಗ್ಗೆ ಇದಕ್ಕೆ ಏನು ಮಾಡಬೇಕೆಂದು ಕೇಳುತ್ತದೆ. ಮನೆಯ ಪ್ರಶ್ನೆ ಎರಡನೆಯದು.

೪

ಆ ಪ್ರಶ್ನೆಯನ್ನು ಚಿನ್ನದ ಗಣಿಯ ಸೀಮೆಯಲ್ಲಿ ಇಟ್ಟು ನೋಡಬೇಕು. ೧೮೮೦ರಿಂದ ಜಾನ್ ಟೇಲರ್ ಕಂಪೆನಿಯ ಆಡಳಿತದಲ್ಲಿ ಬೆಳೆದು, ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಪಡೆದು, ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದ ಈ ಗಣಿಗಳು ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಿದವು. ಉಳಿದವು ಸೈನೈಡು ಮಣ್ಣಿನ ದಿಬ್ಬಗಳು, ಸಾಲುಮನೆಗಳು, ಮತ್ತು ಬೆಳಗಿನ ರೈಲು. ಮಾರಿಕುಪ್ಪದಿಂದ ಹೊರಟು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲುಗಳಲ್ಲಿ ಕೂಲಿಗೂ ನೌಕರಿಗೂ ಹೋಗುವ ಜನರು ಕಿಕ್ಕಿರಿದಿರುತ್ತಾರೆ. ಬಂಗಾರಪೇಟೆಯಿಂದ ರಾಜಧಾನಿಗೆ ಸುಮಾರು ೭೦ ಕಿಲೋಮೀಟರು. ವಿಕಲಾಂಗ ಮಗುವುಳ್ಳ ಮನೆಗೆ ದೊಡ್ಡ ಆಸ್ಪತ್ರೆಯ ಅರ್ಧ ಗಂಟೆಯ ವ್ಯಾಯಾಮವೆಂದರೆ ಒಂದು ಇಡೀ ದಿನ. ಒಂದು ದಿನದ ಕೂಲಿಯ ನಷ್ಟ. ನಾಲ್ಕೈದು ವರ್ಷದ ಮಗುವನ್ನು ಎತ್ತಿಕೊಂಡು ಮೇಲ್ಸೇತುವೆಯ ಮೆಟ್ಟಲು ಹತ್ತುವುದು. ಈ ಮನೆಗಳಿಗೆ ಸಮಂಗಾ ನದಿಯಿಲ್ಲ. ವಾರವಾರವೂ ಹಿಡಿಯಬೇಕಾದ ರೈಲು ಇದೆ.

ಎರಡನೆಯದು ಭಾಷೆಯ ಸಂಗತಿ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ನೆರೆಯಲ್ಲಿ ಉರ್ದು, ಇದು ಈ ಸೀಮೆಯ ಸಾಮಾನ್ಯ ರೀತಿ. ಮಗುವಿಗೆ ಮಾತು ತಡವಾದರೆ, ನಾಲ್ಕು ಭಾಷೆ ಕಿವಿಗೆ ಬಿದ್ದುದರಿಂದಲೇ ಹೀಗಾಯಿತೆಂದು ಹೇಳುವವರುಂಟು. ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಕೇಳಿ ಬೆಳೆಯುವುದು ಮಾತಿನ ವೈಕಲ್ಯಕ್ಕೆ ಕಾರಣವಲ್ಲವೆಂದು ವಾಕ್‌ಶ್ರವಣ ಶಾಸ್ತ್ರಜ್ಞರು ಈಗ ಒಪ್ಪಿದ್ದಾರೆ. ಆ ಮಾತನ್ನು ನಂಬಿ ಅಜ್ಜಿಯು ತನ್ನ ಭಾಷೆಯ ಜೋಗುಳವನ್ನು ನಿಲ್ಲಿಸಿದರೆ ಮಗುವಿಗೆ ನಷ್ಟವೇ ಹೊರತು ಲಾಭವಿಲ್ಲ. ಗ್ರಹಣದ ದಿನ ಹೊರಗೆ ಬಂದೆಯೇನೆಂದು ತಾಯಿಯನ್ನು ಕೇಳುವವರು ಇನ್ನೂ ಇದ್ದಾರೆ. ಅಂಬಿಕೆಯ ಕಥೆ ಅಲ್ಲಿ ಹೆಸರು ಬದಲಿಸಿಕೊಂಡು ಬದುಕಿದೆ. ಇದೇ ಜಿಲ್ಲೆಯಲ್ಲಿ ಕೊಳವೆಬಾವಿಗಳ ನೀರಿನ ಫ್ಲೋರೈಡು ಹಲ್ಲನ್ನೂ ಮೂಳೆಯನ್ನೂ ಕೆಡಿಸುವುದು ತಿಳಿದ ವಿಷಯ. ಹೀಗಿರಲು, ಕಾರಣವನ್ನು ತಾಯಿಯಲ್ಲಿ ಹುಡುಕುವ ಅಭ್ಯಾಸವು ಕ್ರೂರ ಮಾತ್ರವಲ್ಲ, ಹುಡುಕಬೇಕಾದೆಡೆಯಿಂದ ಕಣ್ಣನ್ನು ತಪ್ಪಿಸುವಂಥದು.

ಮೂರನೆಯದು ಲೆಕ್ಕದ ಸಂಗತಿ. ಗಣಿಯು ವಿಕಲವಾದ ದೇಹವನ್ನು ಅರಿಯದ ಸ್ಥಳವಲ್ಲ. ಬಂಡೆಯ ಸ್ಫೋಟಕ್ಕೆ ಸಿಕ್ಕಿ ಕಾಲು ಕಳೆದುಕೊಂಡವರನ್ನೂ ಶಿಲಾಧೂಳಿನಿಂದ ಶ್ವಾಸಕೋಶ ಕೆಟ್ಟವರನ್ನೂ ಅದು ತಲೆಮಾರುಗಳಿಂದ ಕಂಡಿದೆ. ೧೯೨೩ರ ಕಾರ್ಮಿಕ ಪರಿಹಾರ ಕಾಯಿದೆಯ ಅನುಸೂಚಿಯು ಬೆರಳಿಗೆ ಇಷ್ಟು, ತೋಳಿಗೆ ಇಷ್ಟು ಎಂದು ದುಡಿಮೆಯ ನಷ್ಟವನ್ನು ಪ್ರತಿಶತದಲ್ಲಿ ಅಳೆಯಿತು. ದುಡಿಯದ ಶಿಶುವಿಗೆ ಆ ಪುಸ್ತಕದಲ್ಲಿ ಪುಟವಿರಲಿಲ್ಲ. ಈಗ ೨೦೧೬ರ ಕಾಯಿದೆಯು ೨೧ ಬಗೆಯ ವೈಕಲ್ಯಗಳನ್ನು ಗಣಿಸಿ, ನಿಗದಿಯಾದ ಮಟ್ಟದ ವೈಕಲ್ಯವುಳ್ಳ ೬ರಿಂದ ೧೮ ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಆ ಮಟ್ಟವನ್ನೂ ಪ್ರತಿಶತದಿಂದಲೇ, ೪೦ ಎಂದು, ಗುರುತಿಸಿದೆ. ಹಕ್ಕು ದೊಡ್ಡದು. ಆದರೆ ಮಗುವು ಅನ್ನದ ತುತ್ತನ್ನು ಮೊದಲ ಸಲ ತಾನಾಗಿ ಬಾಯಿಗೆ ಒಯ್ದ ದಿನವು ಯಾವ ಪ್ರತಿಶತದಲ್ಲಿಯೂ ಕಾಣುವುದಿಲ್ಲ. ಅದನ್ನು ಬರೆದಿಡಬಲ್ಲುದು ಸಾಹಿತ್ಯವೊಂದೇ.

೫

ಹೊಸಗನ್ನಡದ ಗದ್ಯಕ್ಕೆ ಇದಕ್ಕೆ ಬೇಕಾದ ಸಾಧನವು ಬಹುಕಾಲದ ಹಿಂದೆಯೇ ಒದಗಿತ್ತು. ಬಂಗಾರಪೇಟೆಗೆ ನೆರೆಯಾದ ಮಾಲೂರು ತಾಲ್ಲೂಕಿನವರಾದ ಮಾಸ್ತಿಯವರು ‘ಮೊಸರಿನ ಮಂಗಮ್ಮ’ ಕಥೆಯಲ್ಲಿ ಮೊಸರು ಮಾರುವ ಹೆಂಗಸೊಬ್ಬಳ ಮನೆಯ ಜಗಳವನ್ನು ತೆಗೆದುಕೊಂಡರು. ಸೊಸೆಯು ಮಗುವನ್ನು ಹೊಡೆದಳೆಂಬುದು ಜಗಳದ ಮೊದಲು. ಮಗುವೇ ಮನೆಯನ್ನು ಮತ್ತೆ ಕೂಡಿಸುವುದು ಅದರ ಕೊನೆ. ಯಾರನ್ನೂ ಖಂಡಿಸದೆ, ಯಾರನ್ನೂ ಪೂಜಿಸದೆ, ಹೇಳಿದವರ ಮಾತನ್ನು ಕೇಳಿಸಿಕೊಂಡು ಬರೆದ ಆ ರೀತಿಯು ವಿಕಲಾಂಗ ಮಗುವಿನ ಮನೆಗೆ ಒಪ್ಪುವ ರೀತಿ. ಅಲ್ಲಿಯೂ ಅತ್ತೆ ಸೊಸೆಯರ ನಡುವೆ, ಗಂಡ ಹೆಂಡಿರ ನಡುವೆ, ಮಗುವೇ ಜಗಳಕ್ಕೂ ಸಂಧಿಗೂ ನಿಮಿತ್ತ. ಚಲನಚಿತ್ರದಲ್ಲಿ ಎನ್. ಲಕ್ಷ್ಮೀನಾರಾಯಣರ ‘ನಾಂದಿ’ (೧೯೬೪) ಕಿವಿ ಕೇಳದ, ಮಾತು ಬಾರದ ಗೃಹಿಣಿಯನ್ನು ಕಥೆಯ ನಡುವೆ ನಿಲ್ಲಿಸಿ ಒಂದು ದಾರಿಯನ್ನು ತೋರಿತು.

ಜೀವನಚರಿತ್ರೆಗಳಲ್ಲಿ ಲೋಪವು ಬೇರೊಂದು ಬಗೆಯದು. ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಗದುಗಿನ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಪಂಚಾಕ್ಷರಿ ಗವಾಯಿಗಳ ಶಿಷ್ಯರಾಗಿ, ವೀರೇಶ್ವರ ಪುಣ್ಯಾಶ್ರಮದಲ್ಲಿ ಅಸಂಖ್ಯ ಅಂಧ ಬಾಲಕರಿಗೆ ಸಂಗೀತವನ್ನೂ ಅನ್ನವನ್ನೂ ಕೊಟ್ಟರು. ಅವರನ್ನು ಕುರಿತ ಭಕ್ತಿಯ ಕಥನಗಳು ಗುರುವಿನ ಕೃಪೆಯನ್ನು ವಿಸ್ತರಿಸುವಷ್ಟು ಮನೆಯ ದಿನಗಳನ್ನು ವಿಸ್ತರಿಸುವುದಿಲ್ಲ. ಸಿದ್ಧಿಯನ್ನು ಪಡೆದವರ ಕಥೆ ಧೈರ್ಯ ಕೊಡುವುದು ನಿಜ. ಆದರೆ ಎಲ್ಲ ಮಕ್ಕಳೂ ಗವಾಯಿಗಳಾಗುವುದಿಲ್ಲ. ಸಿದ್ಧಿಯಿಲ್ಲದೆಯೂ ಮಗುವು ಮನೆಗೆ ಪ್ರಿಯವೆಂಬುದನ್ನು ಹೇಳುವ ಬರವಣಿಗೆ ಅಪೂರ್ವ. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆ ಇದನ್ನು ಹಾಸ್ಯಕ್ಕೆ ಹೇಳಿದೆ. ಹಾಸ್ಯವನ್ನು ಕಳೆದರೆ ಉಳಿಯುವುದು ಸತ್ಯ.

೬

ಕಡೆಯದಾಗಿ ಶಬ್ದಗಳ ವಿಚಾರ. ಹೆಳವ, ಮೂಗ, ಕುರುಡ ಎಂಬ ಶಬ್ದಗಳು ಬೈಗುಳಾಗಿ ಸವೆದುದರಿಂದ ‘ಅಂಗವಿಕಲ’ ಬಂದಿತು. ಅದೂ ಸಾಲದೆಂದು ‘ವಿಕಲಚೇತನ’ ಬಂದು ಸರ್ಕಾರದ ಇಲಾಖೆಯ ಹೆಸರಿನಲ್ಲಿಯೂ ನಿಂತಿತು. ಗೌರವದ ಉದ್ದೇಶವು ಶ್ಲಾಘ್ಯ. ಆದರೆ ಸಮಾಸವನ್ನು ಬಿಡಿಸಿ ನೋಡಿದರೆ ಅಂಗವಿಕಲನಲ್ಲಿ ಕೊರತೆ ಅಂಗಕ್ಕೆ. ವಿಕಲಚೇತನನಲ್ಲಿ ಕೊರತೆ ಚೇತನಕ್ಕೇ. ಕಾಲು ಬಾರದ ಮಗುವಿನ ಚೇತನವು ವಿಕಲವೆನ್ನುವುದು ಹಳೆಯ ಯಾವ ಶಬ್ದಕ್ಕಿಂತಲೂ ಕಠೋರವಾದ ಮಾತು. ವಂಶಾವಳಿಯನ್ನು ಒಪ್ಪಿಸುತ್ತ ಊರೂರು ತಿರುಗುವ ಹೆಳವರ ಹೆಸರಿನಲ್ಲಿ ಆ ದೇಶ್ಯ ಶಬ್ದವು ಜ್ಞಾಪಕಶಕ್ತಿಯ ಗೌರವವನ್ನೂ ಪಡೆದಿದೆಯೆಂಬುದನ್ನು ಇಲ್ಲಿ ಸ್ಮರಿಸಬಹುದು. ಶಬ್ದವನ್ನು ಕೆಡಿಸುವುದೂ ಕಾಯುವುದೂ ಅದನ್ನು ಆಡುವವರ ದನಿ.

ಅಧ್ಯಾಪಕರ ಹೊಣೆ ಇಲ್ಲಿಂದ ಹೊರಡುತ್ತದೆ. ಕುಮಾರವ್ಯಾಸನನ್ನೂ ಜನ್ನನನ್ನೂ ಪಠ್ಯದಿಂದ ತೆಗೆಯಬೇಕೆಂಬುದು ಇದರ ತಾತ್ಪರ್ಯವಲ್ಲ. ಅಂಬಿಕೆಯ ಪ್ರಸಂಗವನ್ನು ಓದುವಾಗ, ಹೊಣೆಯನ್ನು ತಾಯಿಯ ಮೇಲೆ ಹೊರಿಸುವುದು ಕಥೆಯ ತಂತ್ರವೇ ಹೊರತು ಲೋಕದ ಸತ್ಯವಲ್ಲವೆಂದು ಹೇಳಬೇಕು. ಅಷ್ಟಾವಂಕನ ವರ್ಣನೆಯನ್ನು ಓದುವಾಗ ನಗೆಯನ್ನು ಎಬ್ಬಿಸದೆ, ಅವನ ಗಾನದ ಮಾತನ್ನೂ ಅಷ್ಟೇ ನಿಲ್ಲಿಸಿ ಓದಬೇಕು. ಆ ತರಗತಿಯ ಮುಂದಿನ ಸಾಲಿನಲ್ಲಿ ಊರುಗೋಲನ್ನು ಒರಗಿಸಿ ಕುಳಿತ ವಿದ್ಯಾರ್ಥಿಯಿರಬಹುದು. ಹಿಂದಿನ ಸಾಲಿನಲ್ಲಿ ಅಂಥ ತಮ್ಮನನ್ನು ಬೆಳಗಿನ ರೈಲಿಗೆ ಹತ್ತಿಸಿ ಬಂದ ಅಕ್ಕನಿರಬಹುದು. ಅವರಿಗೆ ಕಾವ್ಯವು ತಮ್ಮದೆಂದು ತೋರುವುದೋ ಪರಕೀಯವೆಂದು ತೋರುವುದೋ ಅದು ಓದಿಸುವವರ ಕೈಯಲ್ಲಿದೆ.

ಜೋಗುಳವು ಮಗುವಿನಿಂದ ಹೆಜ್ಜೆಯನ್ನೂ ಕೇಳುವುದಿಲ್ಲ, ಮಾತನ್ನೂ ಕೇಳುವುದಿಲ್ಲ. ಮಲಗೆಂದು ಮಾತ್ರ ಕೇಳುತ್ತದೆ. ಕನ್ನಡದಲ್ಲಿ ವಿಕಲಾಂಗ ಶಿಶುವಿಗೂ ಸರ್ವಾಂಗ ಶಿಶುವಿಗೂ ಒಂದೇ ಆಗಿ ಉಳಿದುಬಂದ ಸಾಹಿತ್ಯವು ಅದೇ ಎಂದು ಹೇಳಬಹುದು. ಮುಂದಿನ ಕಥೆಗಾರರು ಆರಂಭಿಸಬೇಕಾದುದು ಅಲ್ಲಿಂದ.