ಗೇಮ್ ಕಟ್ಟುವ ಪಾಠ, ಕಾಗದದ ಪರೀಕ್ಷೆ

ಇಂಗ್ಲೆಂಡಿನ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಬದಲಾಗಲೇಬೇಕೆಂದು ಪಟ್ಟು ಹಿಡಿದವರಲ್ಲಿ ವಿಡಿಯೋ ಗೇಮ್ ಉದ್ಯಮದವರು ಮುಂದಿದ್ದರು. 'ಟೂಂಬ್ ರೇಡರ್' ಹೊರತಂದ ಐಡೋಸ್ ಕಂಪನಿಯನ್ನು ಮುನ್ನಡೆಸಿದ್ದ ಇಯಾನ್ ಲಿವಿಂಗ್‌ಸ್ಟನ್, ಸಿನಿಮಾ ವಿಷುಯಲ್ ಎಫೆಕ್ಟ್ಸ್ ಕ್ಷೇತ್ರದ ಅಲೆಕ್ಸ್ ಹೋಪ್ ಇಬ್ಬರೂ ಸೇರಿ 2011ರಲ್ಲಿ ಕೊಟ್ಟ ವರದಿಯ ದೂರು ನೇರವಾಗಿತ್ತು: ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಹೆಸರಿನಲ್ಲಿ ಮಕ್ಕಳು ಸಾಫ್ಟ್‌ವೇರ್ ಬಳಸುವುದನ್ನಷ್ಟೇ ಕಲಿಯುತ್ತಿದ್ದಾರೆ, ಬರೆಯುವುದನ್ನಲ್ಲ. ಮರುವರ್ಷ ರಾಯಲ್ ಸೊಸೈಟಿಯೂ ಐಸಿಟಿ ಪಾಠವನ್ನು ಕಟುವಾಗಿ ಟೀಕಿಸಿತು. 2014ರ ಸೆಪ್ಟೆಂಬರಿನಲ್ಲಿ ಐದು ವರ್ಷದ ಮಕ್ಕಳಿಂದಲೇ ಶುರುವಾಗುವ 'ಕಂಪ್ಯೂಟಿಂಗ್' ಪಠ್ಯಕ್ರಮ ಜಾರಿಗೆ ಬಂತು. ಆ ನಿರ್ಧಾರ ಸರಿ. ಆದರೆ ಹದಿನಾರರ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆ ಹೊತ್ತಿಗೆ ಆ ಪಾಠದ ಜೀವಾಳವೇ ಹೊರಟುಹೋಗಿದೆ ಎಂಬುದು ನನ್ನ ತಕರಾರು.

ಆ ಜೀವಾಳ ಯಾವುದೆಂದು ಒಂದು ಸಣ್ಣ ಗೇಮ್ ತೋರಿಸುತ್ತದೆ. ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್ ಭಾಷೆಯಲ್ಲಿ ಮೇಲಿಂದ ಸೇಬು ಬೀಳುತ್ತದೆ, ಕೆಳಗಿನ ಬುಟ್ಟಿ ಅದನ್ನು ಹಿಡಿಯಬೇಕು. ಸೇಬು ಬುಟ್ಟಿಗೆ ತಾಗಿದರೆ ಸ್ಕೋರಿಗೆ ಒಂದು ಸೇರಿಸು ಎಂದು ಮಗು 'ಫಾರೆವರ್' ಲೂಪಿನೊಳಗೆ ಬ್ಲಾಕ್ ಜೋಡಿಸುತ್ತದೆ. ಓದಿದರೆ ತಪ್ಪೇನೂ ಕಾಣದು. ಓಡಿಸಿದರೆ ಒಂದೇ ಸೇಬಿಗೆ ಸ್ಕೋರು ಹತ್ತು, ಹದಿನೈದು ಎಂದು ಏರುತ್ತದೆ! ಸೇಬು ಬುಟ್ಟಿಗೆ ತಾಗಿಕೊಂಡೇ ಇರುವಷ್ಟು ಹೊತ್ತೂ ಲೂಪ್ ಮತ್ತೆಮತ್ತೆ ಅದೇ ಪ್ರಶ್ನೆ ಕೇಳಿ, ಪ್ರತಿಸಲವೂ ಒಂದೊಂದು ಅಂಕ ಕೊಡುತ್ತಿದೆ. ತಾಗಿದ ಕೂಡಲೇ ಸೇಬನ್ನು ಮೇಲಕ್ಕೆ ಕಳಿಸಿದರೆ ಸರಿಹೋಗುತ್ತದೆ. ಇದನ್ನು ಮಗು ತಾನೇ ಕಂಡುಹಿಡಿದರೆ ಲೂಪ್ ಎಂದರೇನೆಂದು ಯಾರೂ ಮತ್ತೆ ವಿವರಿಸಬೇಕಿಲ್ಲ.

ಈ ಕಲಿಕೆಯನ್ನು ಅಳೆಯಲು ಜಿಸಿಎಸ್‌ಇಯಲ್ಲಿ ಒಂದು ದಾರಿ ಇತ್ತು. ವಿದ್ಯಾರ್ಥಿಗಳೇ ಪ್ರೋಗ್ರಾಂ ಬರೆದು ಒಪ್ಪಿಸುವ ಪ್ರಾಜೆಕ್ಟಿಗೆ ಶೇ. 20 ಅಂಕಗಳಿದ್ದವು. 2017ರಲ್ಲಿ ಅದರ ಉತ್ತರಗಳು ಅಂತರ್ಜಾಲದಲ್ಲಿ ಹರಿದಾಡಿದವು. ಪರೀಕ್ಷಾ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್ ಆ ಅಂಕಗಳನ್ನು ಲೆಕ್ಕದಿಂದಲೇ ಕೈಬಿಟ್ಟಿತು. ಈಗ ಓಸಿಆರ್ ಮಂಡಳಿಯಲ್ಲಿ ಎರಡು ಲಿಖಿತ ಪತ್ರಿಕೆಗಳೇ ಎಲ್ಲ. ಕೋಡನ್ನೂ ಪೆನ್ನಿನಲ್ಲಿ ಬರೆಯಬೇಕು. ಪಿಯರ್ಸನ್ ಎಡೆಕ್ಸೆಲ್ ಮಂಡಳಿಯಾದರೋ ಒಂದು ಪತ್ರಿಕೆಯನ್ನು ಕಂಪ್ಯೂಟರಿನ ಮೇಲೆ, ಪೈಥಾನ್‌ನಲ್ಲಿ ನಡೆಸುತ್ತದೆ. ಅಷ್ಟಾದರೂ ಇದೆ ಎಂಬುದು ಸಮಾಧಾನ. ನಕಲು ತಡೆಯಲು ಪ್ರಾಜೆಕ್ಟನ್ನೇ ಕೈಬಿಡಬೇಕಿರಲಿಲ್ಲ. ಮಗುವನ್ನು ಕೂರಿಸಿಕೊಂಡು 'ಈ ಸಾಲು ತೆಗೆದರೆ ಏನಾಗುತ್ತದೆ?' ಎಂದು ಕೇಳಿದರೆ ನಕಲು ಐದು ನಿಮಿಷದಲ್ಲಿ ಹೊರಬೀಳುತ್ತದೆ.

ಇನ್ನೊಂದು ನಷ್ಟ ನನಗೆ ಹೆಚ್ಚು ನೋವಿನದು. ಹಳೆಯ ಐಸಿಟಿ ಪರೀಕ್ಷೆಯನ್ನು ನಿಲ್ಲಿಸಿದಾಗ ಅದನ್ನು ತೆಗೆದುಕೊಳ್ಳುತ್ತಿದ್ದ ಹುಡುಗಿಯರಲ್ಲಿ ಬಹಳಷ್ಟು ಮಂದಿ ಹೊಸ ವಿಷಯದತ್ತ ಬರಲಿಲ್ಲ. ಈಗ ಜಿಸಿಎಸ್‌ಇ ಕಂಪ್ಯೂಟರ್ ಸೈನ್ಸ್ ಬರೆಯುವವರಲ್ಲಿ ಹುಡುಗಿಯರು ಹೆಚ್ಚುಕಡಿಮೆ ಐದರಲ್ಲೊಬ್ಬರು. ಗೇಮ್ ಎಂದರೆ ಬರೀ ಕೋಡ್ ಅಲ್ಲ. ಕಥೆ, ಚಿತ್ರ, ಸಂಗೀತ ಎಲ್ಲವೂ ಬೇಕು. ಹಲವು ಬಗೆಯ ಮಕ್ಕಳನ್ನು ಕರೆಯಬಹುದಾಗಿದ್ದ ಆ ಬಾಗಿಲನ್ನೇ ಕಾಗದದ ಪರೀಕ್ಷೆ ಮುಚ್ಚಿದೆ.

ಬೇರೆ ದಾರಿ ಇಲ್ಲವೆನ್ನುವವರು ಕಾಸರಗೋಡನ್ನು ನೋಡಲಿ. ಕೇರಳದ ಎಸ್ಸೆಸ್ಸೆಲ್ಸಿ ಐಟಿ ಪರೀಕ್ಷೆ ಕಂಪ್ಯೂಟರಿನ ಮುಂದೆಯೇ ನಡೆಯುತ್ತದೆ, ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಹಾಗೆಯೇ. ಹೈಸ್ಕೂಲುಗಳ 'ಲಿಟ್ಲ್ ಕೈಟ್ಸ್' ಕ್ಲಬ್ಬುಗಳಲ್ಲಿ ಆನಿಮೇಷನ್, ಸ್ಕ್ರ್ಯಾಚ್ ಎರಡನ್ನೂ ಕಲಿಸುತ್ತಾರೆ. ಇದು ನಡೆಯುತ್ತಿರುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಹಂತದಲ್ಲೇ ಕೋಡಿಂಗ್ ಬರಲಿ ಎಂದಿದೆ. ನಮ್ಮ ಶಾಲೆಗಳಿಗೆ ಅದು ಯಾವ ಹೆಸರಿನಲ್ಲೇ ಬರಲಿ, ಪಠ್ಯಪುಸ್ತಕ ಅಚ್ಚಾಗುವ ಮೊದಲೇ ಪರೀಕ್ಷೆ ಹೇಗಿರಬೇಕೆಂದು ತೀರ್ಮಾನಿಸಿ. ಮಗು ಕಟ್ಟಿದ ಗೇಮನ್ನು ಶಿಕ್ಷಕರು ಆಡಿ ನೋಡಲಿ, ನಾಲ್ಕು ಪ್ರಶ್ನೆ ಕೇಳಲಿ, ಆಮೇಲೆ ಅಂಕ ಹಾಕಲಿ.