ಮುಳುಗಿದ ಹೆಂಚಿನ ವಯಸ್ಸು

ಕಡಲತಳದ ಪುರಾತತ್ತ್ವವೆಂದರೆ ದ್ವಾರಕೆ ಮಾತ್ರ ಎಂದು ಕನ್ನಡದ ಜನಪ್ರಿಯ ಲೇಖನಗಳು ನಂಬಿದಂತಿವೆ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ 1981ರಲ್ಲಿ ಈ ಅಧ್ಯಯನ ಆರಂಭಿಸಿದ ಎಸ್. ಆರ್. ರಾವ್ ಕನ್ನಡಿಗರೆಂಬ ಹೆಮ್ಮೆಯೂ ಅಲ್ಲಿಗೇ ನಿಲ್ಲುತ್ತದೆ. ಅದೇ ಸಂಸ್ಥೆಯ ಮುಳುಗುಗಾರರು ಗೋವಾ ಬಳಿಯ ಸೇಂಟ್ ಜಾರ್ಜ್ ದಿಬ್ಬದಲ್ಲಿ ಕಂಡ ಹಡಗಿನ ಅವಶೇಷ ನಮಗೆ ಇನ್ನೂ ಹತ್ತಿರದ್ದು. (1510ರಲ್ಲಿ ಪೋರ್ಚುಗೀಸರು ಕಸಿಯುವವರೆಗೆ ಗೋವಾ ನಮ್ಮ ಆದಿಲ್‌ಶಾಹಿಗಳ ಬಂದರಾಗಿತ್ತು.) ಅಲ್ಲಿ ಸಿಕ್ಕಿದ್ದು ಚಿನ್ನವಲ್ಲ, ಹೆಂಚು, ಇಟ್ಟಿಗೆ. ಅವುಗಳ ಮೇಲೆ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865' ಎಂಬ ಮುದ್ರೆ!

ಇದನ್ನು '1865ರ ಹಡಗು' ಎಂದು ಬರೆದುಬಿಡುವುದು ಸುಲಭ. ಆದರೆ ಅದು ತಪ್ಪು. 1865 ಮಂಗಳೂರಿನ ಕಾರ್ಖಾನೆ ಆರಂಭವಾದ ವರ್ಷ. ಮುದ್ರೆ ಆಮೇಲೆಯೂ ಬಳಕೆಯಲ್ಲಿತ್ತು. ಹಡಗು ಅದಕ್ಕಿಂತ ಮೊದಲು ಮುಳುಗಿಲ್ಲ ಎಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ.

ಹೆಂಚು ಸುಟ್ಟ ಕಾಲವನ್ನು ಉಷ್ಣದೀಪ್ತಿ ವಿಧಾನದಿಂದ ಅಳೆಯಬಹುದು. ಜೇಡಿಯಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದಿಂದ ಸ್ಫಟಿಕದ ಹರಳುಗಳಲ್ಲಿ ಎಲೆಕ್ಟ್ರಾನ್‌ಗಳು ಸಿಕ್ಕಿಬೀಳುತ್ತವೆ. ಆವಿಗೆಯ ಶಾಖ ಅವನ್ನೆಲ್ಲ ಬಿಡಿಸಿ ಲೆಕ್ಕವನ್ನು ಸೊನ್ನೆಗೆ ತರುತ್ತದೆ. ಅನಂತರ ಮತ್ತೆ ಜಮೆ. ಪ್ರಯೋಗಾಲಯದಲ್ಲಿ ಕಾಯಿಸಿದಾಗ ಹೊಮ್ಮುವ ಬೆಳಕಿನಿಂದ ಒಟ್ಟು ಜಮೆ ತಿಳಿಯುತ್ತದೆ; ವಾರ್ಷಿಕ ಜಮೆಯಿಂದ ಭಾಗಿಸಿದರೆ ವಯಸ್ಸು. ತೊಡಕು ಇರುವುದು ಈ ಭಾಜಕದಲ್ಲಿ. ಸುತ್ತಲಿನ ಮರಳಿನ ವಿಕಿರಣವೂ ಸೇರುತ್ತದೆ, ಹೀರಿಕೊಂಡ ನೀರು ಒಂದಿಷ್ಟನ್ನು ತಡೆಯುತ್ತದೆ. ಆದ್ದರಿಂದ ಮರಳಿನ ಮಾದರಿ, ಜಾಗದ ಗುರುತು ಇಲ್ಲದೆ ಯಾರೋ ಎತ್ತಿ ತಂದ ಹೆಂಚು ತನ್ನ ವಯಸ್ಸಿನ ಅರ್ಧ ಲೆಕ್ಕವನ್ನು ಕಡಲಲ್ಲೇ ಬಿಟ್ಟು ಬಂದಿರುತ್ತದೆ. ರಕ್ಷಣೆಯ ಈ ಭೌತಿಕ ಕಾರಣವನ್ನು ನಮ್ಮ ಲೇಖನಗಳು ಹೇಳುವುದೇ ಇಲ್ಲ.

ತಿಕೋಟಾ, ಬಬಲೇಶ್ವರದ ಶಾಲೆಗಳಲ್ಲಿ ಮಾತಾಡುವಾಗ ಮಕ್ಕಳು 'ಹೆಂಚಿಗೆ ಯಾಕ್ರೀ ಇಷ್ಟು?' ಎನ್ನುತ್ತಾರೆ. ಸವಳು ನೀರಲ್ಲಿ ಕಟ್ಟಿದ ಗೋಡೆ ಉದುರುವುದನ್ನು ನೆನಪಿಸುತ್ತೇನೆ. ಕಡಲಿನಿಂದೆತ್ತಿದ ಮಡಕೆಯೂ ಹಾಗೆಯೇ. ಒಣಗುವಾಗ ಉಪ್ಪು ಹರಳುಗಟ್ಟಿ ಒಳಗಿನಿಂದ ಸೀಳುತ್ತದೆ. ಕಬ್ಬಿಣದ ಪಾಡು ಇನ್ನೂ ಕೆಟ್ಟದ್ದು. ವಸ್ತುವನ್ನು ಇದ್ದಲ್ಲೇ ಉಳಿಸುವುದು ಮೊದಲ ಆಯ್ಕೆಯಾಗಲಿ ಎಂದು ಯುನೆಸ್ಕೋದ 2001ರ ಒಡಂಬಡಿಕೆ ಹೇಳಿದ್ದು ಸುಮ್ಮನೆ ಅಲ್ಲ. ನಮ್ಮ 1958ರ ಹಡಗು ಸಾರಿಗೆ ಕಾಯಿದೆಯಾದರೋ ಇಂಥ ಅವಶೇಷವನ್ನು ವಾರಸುದಾರರಿಲ್ಲದಿದ್ದರೆ ಮಾರಬಹುದಾದ ಸರಕೆಂದು ಕಂಡಿತ್ತು.

ಮುಂದಿನ ಲೇಖಕರು ಹೆಂಚು ಬಿದ್ದಿದ್ದ ಜಾಗದ ಒಂದು ನಕ್ಷೆ ಕೊಡಲಿ. ದ್ವಾರಕೆಯ ಚಿತ್ರಗಳು ನಮ್ಮಲ್ಲಿ ಸಾಕಷ್ಟಿವೆ.